ತೀರ್ಪುಗಾರನ ಕಿವಿ

ದಂಡಿಸುವ ಅಧಿಕಾರವುಳ್ಳವನು ಕರುಣೆಯುಳ್ಳವನೂ ಆಗಿರುವುದು ಸಾಧ್ಯವೆ, ಸಾಧ್ಯವಾದರೆ ಆ ಕರುಣೆಯು ಯಾರ ಮಾತಿಗೆ ಓಗೊಟ್ಟು ಎಚ್ಚರಗೊಳ್ಳಬೇಕು ಎಂಬ ಪ್ರಶ್ನೆಯನ್ನು ಶ್ರೀವೈಷ್ಣವ ಆಚಾರ್ಯರು ಬಹುಕಾಲ ಮಥಿಸಿದ್ದಾರೆ. ಜೀವನ ಅಪರಾಧಗಳನ್ನೆಣಿಸಿ ಭಗವಂತನು ದಂಡನೆಗೆ ಮನಸ್ಸು ಮಾಡಿದಾಗ, ಶ್ರೀದೇವಿಯು ನಮ್ಮ ಪರವಾಗಿ ಆತನ ಕಿವಿಯಲ್ಲಿ ಒಂದು ಮಾತನ್ನು ಹಾಕುವಳೆಂದೂ, ಆ ಮಾತಿನಿಂದ ಆತನ ವಾತ್ಸಲ್ಯವು ಮೇಲುಗೈಯಾಗುವುದೆಂದೂ ಅವರು ನಂಬಿದರು. ಇದಕ್ಕೆ ಪುರುಷಕಾರವೆಂದು ಹೆಸರು. ಪಿಳ್ಳೈ ಲೋಕಾಚಾರ್ಯರ ಶ್ರೀವಚನಭೂಷಣವು ಆರಂಭದಲ್ಲಿಯೇ ಈ ವಿಚಾರವನ್ನೆತ್ತಿಕೊಳ್ಳುತ್ತದೆ. ರಾಮಾನುಜರು ನೆಲೆಸಿದ್ದ ಮೇಲುಕೋಟೆಯು ಇರುವುದು ನಮ್ಮ ಮಂಡ್ಯ ಜಿಲ್ಲೆಯಲ್ಲಿಯೇ ಆದುದರಿಂದ, ಹೊಳಲಿನಂಥ ಊರಿನಿಂದ ಅಲ್ಲಿಯ ವೈರಮುಡಿ ಉತ್ಸವಕ್ಕೆ ಹೋಗಿ ಬರುವ ರೈತನು ಸಿದ್ಧಾಂತದ ಹೆಸರನ್ನರಿಯದಿದ್ದರೂ, ಅಲ್ಲಿಯ ದೇವಿಯಾದ ಯದುಗಿರಿ ತಾಯಿಗೆ ಹೇಳಿಕೊಂಡರೆ ಸ್ವಾಮಿಗೆ ಮುಟ್ಟೀತೆಂಬುದನ್ನು ಚೆನ್ನಾಗಿ ಅರಿತಿರುತ್ತಾನೆ.

ಇಷ್ಟು ಗಹನವಾದ ಮಾತನ್ನು ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಇಳಿಸುವುದು ಉಚಿತವೆ ಎನ್ನುವವರು, 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಆ ಆಟವನ್ನು ಹುಟ್ಟಿಸಿದ ಜೇಮ್ಸ್ ನೈಸ್ಮಿತ್‌ನು ದೇವತಾಶಾಸ್ತ್ರವನ್ನು ಓದಿದವನೆಂಬುದನ್ನು ನೆನೆಯಬಹುದು. ಆತನು ಬರೆದ 13 ನಿಯಮಗಳಲ್ಲಿ ಆಟಗಾರರ ನಡತೆಯನ್ನು ನೋಡುವ ಅಂಪೈರ್ ಇದ್ದಾನೆ, ಚೆಂಡಿನ ಗತಿಯನ್ನು ನೋಡುವ ರೆಫರಿ ಇದ್ದಾನೆ; ಕೋಚ್ ಎಂಬ ವ್ಯಕ್ತಿಯ ಪ್ರಸ್ತಾಪವೇ ಇಲ್ಲ. ತೀರ್ಪುಗಾರನು ಮೊದಲು ಬಂದನು, ದೂರುಗಾರನು ಆಮೇಲೆ. (ನೈಸ್ಮಿತ್‌ನೇ ಮುಂದೆ ಕಾನ್ಸಾಸ್ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆದನು, ಆ ತಂಡದ ಕೋಚುಗಳ ಪೈಕಿ ಗೆಲವಿಗಿಂತ ಸೋಲೇ ಹೆಚ್ಚಾದ ದಾಖಲೆಯುಳ್ಳವನು ಆತನೊಬ್ಬನೇ. ಆತನಿಗೂ ದೂರುಗಳಿದ್ದಿರಬಹುದು.)

ಮಂಡ್ಯದಲ್ಲಿ ನಾನು ನೋಡಿದ ಶಾಲಾ ಹುಡುಗರ ಪಂದ್ಯವೊಂದರಲ್ಲಿ, ಚೆಂಡನ್ನು ಬುಟ್ಟಿಗೆತ್ತಿದ ಹುಡುಗನ ಮಣಿಕಟ್ಟಿಗೆ ಎದುರಾಳಿಯ ಕೈ ತಗಲಿತೋ ಇಲ್ಲವೋ ಎಂಬಷ್ಟರಲ್ಲಿ ಚೆಂಡು ಜಾರಿತು, ವಿಷಲ್ ಊದಲಿಲ್ಲ. ಕೋಚ್ ಗೆರೆಯವರೆಗೂ ಧಾವಿಸಿ, "ಏನ್ ಸಾ, ಕೈಗೇ ಹೊಡ್ದ, ಕಾಣ್ನಿಲ್ವಾ ನಿಮ್ಗೆ?" ಎಂದು ಕೂಗಿದರು. ರೆಫರಿಯು ಆಗ ಏನನ್ನೂ ಹೇಳದೆ ಆಟದೊಡನೆ ಓಡಿದರು. ಚೆಂಡು ಹೊರಗೆ ಹೋಗಿ ಆಟ ನಿಂತಾಗ ಆ ಬೆಂಚಿನ ಬಳಿಗೆ ಬಂದು, ಕೋಚಿನ ಎದುರಿಗಲ್ಲದೆ ಪಕ್ಕಕ್ಕೆ, ಇಬ್ಬರ ದೃಷ್ಟಿಯೂ ಅಂಕಣದ ಮೇಲೆಯೇ ಇರುವಂತೆ ನಿಂತು, ತಗ್ಗಿದ ದನಿಯಲ್ಲಿ, "ನಾನಿದ್ದ ಕಡೆಯಿಂದ ಚೆಂಡಿಗೆ ಕೈ ತಗಲಿದ್ದು ಕಾಣಿಸ್ತು ಸಾರ್, ಮಣಿಕಟ್ಟಿಗೆ ತಗಲಿದ್ದು ಕಾಣಿಸಲಿಲ್ಲ" ಎಂದಷ್ಟೇ ನುಡಿದು ಹೊರಟುಹೋದರು. ಮುಖಕ್ಕೆ ಮುಖ ಕೊಟ್ಟು ನಿಂತರೆ ಜಗಳವಾಗುತ್ತದೆ. ಬೆರಳು ತೋರಿಸಿದರೆ ಅವಮಾನವಾಗುತ್ತದೆ. ಪ್ರಶ್ನೆಗೆ ಚುಟುಕಾಗಿ ಉತ್ತರ ಕೊಡು, ಬರಿಯ ಗೊಣಗಾಟಕ್ಕೆ ಕೊಡಬೇಡ, ಅತಿಯಾದರೆ ಒಮ್ಮೆ ಎಚ್ಚರಿಸು, ಆಮೇಲೂ ನಿಲ್ಲದಿದ್ದರೆ ಎರಡು ಅಂಗೈಗಳಿಂದ 'ಟಿ' ಆಕಾರವನ್ನು ತೋರಿಸಿ ಟೆಕ್ನಿಕಲ್ ಫೌಲ್ ಕೊಡು: ಈ ವೃತ್ತಿಯ ಹಿರಿಯರು ಕಿರಿಯರಿಗೆ ಕಲಿಸುವುದು ಹೆಚ್ಚುಕಡಿಮೆ ಇಷ್ಟೇ. ಕೋಚ್ ಎಷ್ಟೇ ಕೀರ್ತಿವಂತನಾದರೂ ಇದಕ್ಕೆ ಹೊರತಲ್ಲ. ಬಾಸ್ಟನ್ ತಂಡವನ್ನು ಅನೇಕ ಬಾರಿ ಗೆಲ್ಲಿಸಿದ ರೆಡ್ ಆಯರ್‌ಬ್ಯಾಕ್‌ನನ್ನು 1967ರಲ್ಲಿ, ಕೇವಲ ಪ್ರದರ್ಶನದಂತಿರುವ ಆಲ್‌ಸ್ಟಾರ್ ಪಂದ್ಯದಿಂದಲೂ ಹೊರಗೆ ಕಳುಹಿಸಿದ್ದುಂಟು.

ಇಲ್ಲಿಯವರೆಗಿನದು ಕುಶಲತೆಯ ಮಾತು. ಧರ್ಮದ ತೊಡಕು ಇರುವುದು ಮುಂದಿನ ಗಳಿಗೆಯಲ್ಲಿ. ಕೋಚ್ ಹೇಳಿದ್ದು ನಿಜವೇ ಇರಬಹುದೆಂದು ರೆಫರಿಯ ಅಂತರಂಗಕ್ಕೆ ತೋರಿದೆಯೆನ್ನೋಣ. ಎರಡು ನಿಮಿಷ ಕಳೆದ ಮೇಲೆ ಅದೇ ತಂಡದ ಹುಡುಗನು ಎದುರಾಳಿಗೆ ತಾಕಿಯೂ ತಾಕದಂತೆ ಬಿದ್ದರೆ, ಕೈಯು ತಾನಾಗಿಯೇ ವಿಷಲ್ಲಿನತ್ತ ಹೋಗುತ್ತದೆ. ಒಂದು ತಪ್ಪಿಗೆ ಇನ್ನೊಂದು ತಪ್ಪನ್ನು ಕೂಡಿಸಿ ಲೆಕ್ಕವನ್ನು ಸರಿದೂಗಿಸುವ ಈ ಅಭ್ಯಾಸವು ಲೋಕದ ಎಲ್ಲ ಆಟಗಳಲ್ಲಿಯೂ ಉಂಟು. ನೋಡುವವರಿಗೆ ಇದು ಕರುಣೆಯಂತೆಯೂ, ಪಶ್ಚಾತ್ತಾಪದಂತೆಯೂ, ಒಮ್ಮೊಮ್ಮೆ ನ್ಯಾಯದಂತೆಯೂ ಕಾಣುತ್ತದೆ. ಆದರೆ ಮೊದಲನೆಯ ತಪ್ಪು ಅಜ್ಞಾನದಿಂದಾದುದು, ಎರಡನೆಯದು ಜ್ಞಾನಪೂರ್ವಕವಾದುದು. ಕಣ್ಣು ಸೋತದ್ದಕ್ಕೆ ಮನಸ್ಸೂ ಸೋಲಬೇಕೆಂಬ ವಾದವನ್ನು ನಾನಂತೂ ಒಪ್ಪಲಾರೆ.

ಹಳೆಯ ಮೈಸೂರು ಸೀಮೆಯ ಕೆರೆಯೂರುಗಳಲ್ಲಿ ತೂಬಿನಿಂದ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದ ನೀರುಗಂಟಿಯ ಸ್ಥಿತಿಯೂ ಇಂಥದೇ ಆಗಿತ್ತು. ಒಣಗುತ್ತಿರುವ ಪೈರಿನ ಒಡೆಯನು ಅಂಗಲಾಚಿದಾಗ ಮರುಗುವುದು ಸಹಜ. ಆದರೆ ಅವನ ಗದ್ದೆಗೆ ಅರ್ಧ ಗಳಿಗೆ ಹೆಚ್ಚಾಗಿ ಹರಿದ ನೀರು, ಅಲ್ಲಿಲ್ಲದ, ಕೂಗಾಡದ, ಮನೆಯಲ್ಲಿ ಮಲಗಿರುವ ಇನ್ನೊಬ್ಬನ ಗದ್ದೆಯದು. ಅಂಕಣದಲ್ಲಿಯೂ ಎದುರು ಬೆಂಚಿನಲ್ಲಿ ಸುಮ್ಮನೆ ಕುಳಿತ ಕೋಚೊಬ್ಬರಿರುತ್ತಾರೆ. ಕೂಗಿದವರಿಗೆ ಸಂದ ದಯೆಯ ಋಣವನ್ನು ತೆರುವವರು ಮೌನವಾಗಿದ್ದ ಅವರೇ.

ಮೇಲುಕೋಟೆಯ ಸ್ವಾಮಿಗೂ ನಮ್ಮ ರೆಫರಿಗೂ ಇರುವ ಅಂತರವು ಇದು. ಒಬ್ಬ ಜೀವನನ್ನು ಕ್ಷಮಿಸಿದರೆ ಭಗವಂತನು ಇನ್ನೊಬ್ಬನಿಂದ ಏನನ್ನೂ ಕಿತ್ತುಕೊಳ್ಳಬೇಕಾಗಿಲ್ಲ. ಆತನ ಭಂಡಾರದಲ್ಲಿ ಇಬ್ಬರ ನಡುವೆ ಹಂಚಬೇಕಾದ ಅಂಕಗಳಿಲ್ಲ. ಆಚಾರ್ಯರು ಕೊಂಡಾಡುವ ಸೀತೆಯ ಕ್ಷಮೆಯನ್ನೇ ನೋಡಿ: ರಾವಣವಧೆಯ ಬಳಿಕ, ಅಶೋಕವನದಲ್ಲಿ ಕಾಡಿದ ರಾಕ್ಷಸಿಯರನ್ನು ಕೊಲ್ಲುವೆನೆಂದು ಹನುಮಂತನು ಅಪ್ಪಣೆ ಬೇಡಿದಾಗ ಆಕೆ ತಡೆದಳು, ನೊಂದವಳು ಆಕೆಯೇ ಆದುದರಿಂದ ಮನ್ನಿಸುವ ಹಕ್ಕೂ ಆಕೆಯದಾಗಿತ್ತು. ಅಂಕಣದ ಮೇಲೆ ರೆಫರಿಗೆ ತನ್ನದೆಂದು ಹೇಳಿಕೊಳ್ಳಬಹುದಾದ ನೋವು ಒಂದೇ, ಕೋಚ್ ತನ್ನನ್ನು ಕುರಿತು ಆಡಿದ ಮಾತು. ಅದನ್ನು ಆತನು ಧಾರಾಳವಾಗಿ ಮನ್ನಿಸಬಹುದು, ಕೇಳಿಸಲಿಲ್ಲವೆಂಬಂತೆ ಸರಿಯಬಹುದು. ಎದುರು ತಂಡದ ಹುಡುಗನಿಗೆ ಸಲ್ಲಬೇಕಾದ ಫೌಲನ್ನು ಮಾತ್ರ ಮನ್ನಿಸಲಾಗದು, ಅದು ಆತನ ಸ್ವತ್ತಲ್ಲ. ಹಾಗಾದರೆ ಬೈಗುಳವನ್ನು ಎಷ್ಟು ದೂರ ಸಹಿಸಬೇಕು? ಅದು ಬರಿಯ ಸಂಕಟದ ಉದ್ಗಾರವಾಗಿರುವಷ್ಟು ಕಾಲ ಎಂದು ತೋರುತ್ತದೆ. ಮುಂದಿನ ವಿಷಲ್ಲನ್ನು ತನ್ನ ಕಡೆಗೆ ಬಾಗಿಸುವ ಉಪಾಯವಾಗಿ ಅದು ಮಾರ್ಪಟ್ಟಾಗ, ಪೆಟ್ಟು ಬೀಳುವುದು ರೆಫರಿಗಲ್ಲ, ಎದುರು ತಂಡಕ್ಕೆ. ಆಗ ಸಹನೆಯೂ ಪಕ್ಷಪಾತವಾಗುತ್ತದೆ. ಟೆಕ್ನಿಕಲ್ ಫೌಲಿಗೆ ನಿಯಮವು ಎದುರು ತಂಡಕ್ಕೆ ಒಂದು ಫ್ರೀ ಥ್ರೋ ಕೊಡುವುದರ ಔಚಿತ್ಯವು ನನಗೆ ತಿಳಿದದ್ದು ಈ ದಾರಿಯಿಂದ. ತನ್ನ ನಡತೆಗಾಗಿಯೇ ಇಂಥ ಎರಡು ಫೌಲುಗಳನ್ನು ಪಡೆದ ಕೋಚ್ ಅಂಕಣವನ್ನು ಬಿಟ್ಟು ಹೋಗಬೇಕು.

ಹಾಗೆಂದು ಅಂತರರಾಷ್ಟ್ರೀಯ ನಿಯಮಗಳು ದೂರಿನ ಬಾಗಿಲನ್ನು ಪೂರ್ತಿಯಾಗಿ ಮುಚ್ಚಿಲ್ಲ. ಚೆಂಡು ನಿಂತು ಗಡಿಯಾರವೂ ನಿಂತಿರುವಾಗ ತಂಡದ ನಾಯಕನು ವಿನಯದಿಂದ ರೆಫರಿಯನ್ನು ಕೇಳಬಹುದು. ಪಂದ್ಯ ಮುಗಿದ 15 ನಿಮಿಷಗಳೊಳಗೆ ಪ್ರತಿಭಟನೆಯನ್ನು ತಿಳಿಸಿ ಅಂಕಪಟ್ಟಿಯಲ್ಲಿ ಅದಕ್ಕೆಂದೇ ಬಿಟ್ಟಿರುವ ಜಾಗದಲ್ಲಿ ಸಹಿ ಹಾಕಬಹುದು. ಅಂಕ ಬರೆಯುವುದರಲ್ಲಿ, ಹೊತ್ತು ಅಳೆಯುವುದರಲ್ಲಿ ಆಗಿ ತಿದ್ದದೆ ಉಳಿದ ತಪ್ಪುಗಳಂಥವು ಅಲ್ಲಿ ವಿಚಾರಕ್ಕೆ ಬರುತ್ತವೆ; ಮಣಿಕಟ್ಟಿಗೆ ಕೈ ತಗಲಿತೆ ಎಂಬ ಪ್ರಶ್ನೆ ಬರುವುದಿಲ್ಲ. ಸಹಿ ಹಾಕುವವನು ಆಡಿ ದಣಿದ ನಾಯಕನೇ ಹೊರತು ಗೆರೆಯ ಬಳಿ ಕೂಗಿದ ಕೋಚ್ ಅಲ್ಲವೆಂಬುದು ನನಗೆ ಬಹಳ ಹಿಡಿಸಿದ ಏರ್ಪಾಡು.