ತೀರ್ಪಿಗೆ ಮೊದಲು ವಿಚಾರಣೆ

ಮಳೆಗಾಲ ಕಳೆದು ಬಿಸಿಲು ಕಾಣಿಸಿಕೊಂಡಿತೆಂದರೆ ಪುತ್ತೂರು, ಸುಳ್ಯ, ಕಡಬದ ಕಡೆಯ ಮನೆಗಳಲ್ಲಿ ಶೆಡ್ಡಿನೊಳಗಿನ ಹಳೆಯ ಕಾರಿನ ಯೋಗಕ್ಷೇಮ ವಿಚಾರಿಸುವ ಕೆಲಸ ಶುರುವಾಗುತ್ತದೆ. ಮಾರುತಿ 800ರ ತಯಾರಿಕೆ ನಿಂತದ್ದು 2014ರಲ್ಲಿ, ಓಮ್ನಿಯದ್ದು 2019ರಲ್ಲಿ. ನಮ್ಮಲ್ಲಿ ಅವೆರಡೂ ಇನ್ನೂ ಅಡಿಕೆ ಚೀಲ ಹೊತ್ತು ಕ್ಯಾಂಪ್ಕೊಗೆ ಹೋಗುತ್ತವೆ, ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಮುಟ್ಟಿಸುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಸೆಟ್ ಇದ್ದೇ ಇರುತ್ತದೆ. ಹಿಂದೆ ಕ್ಯಾಸೆಟ್ಟು, ಆಮೇಲೆ ಸಿ.ಡಿ., ಈಗ ಪೆನ್‌ಡ್ರೈವ್. ಕೇಳುವುದು ಮಾತ್ರ ಹೆಚ್ಚು ಬದಲಾಗಿಲ್ಲ. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಯಕ್ಷಗಾನದಲ್ಲಿ ಕಲ್ಮಡ್ಕದ ಪದ್ಯಾಣ ಗಣಪತಿ ಭಟ್ಟರ ಪದ. ಆಟಿಯ ಥಂಡಿಯನ್ನು ದಾಟಿ ಬಂದ ಸೆಟ್ ಗೊರಗೊರ ಎನ್ನುತ್ತದೆ. ಒಂದು ಬದಿ ಮೌನವಾಗುತ್ತದೆ. ಚಕ್ರ ಹೊಂಡಕ್ಕಿಳಿದಾಗ ತಟ್ಟನೆ ಹಾಡುತ್ತದೆ, ಮತ್ತೆ ನಿಲ್ಲುತ್ತದೆ. “ಹಳತಾಯಿತು, ಹೊಸತು ಹಾಕಿಸುವ” ಎಂದು ಮನೆಯಲ್ಲಿ ಯಾರಾದರೂ ತೀರ್ಪು ಕೊಟ್ಟುಬಿಡುತ್ತಾರೆ. ವಿಚಾರಣೆಯೇ ಆಗಲಿಲ್ಲವಲ್ಲ!

ವಿಚಾರಣೆಗೆ ಒಂದು ಕ್ರಮವಿದೆ, ಅದು ಅಗ್ಗದ ಕಡೆಯಿಂದ ಶುರುವಾಗುತ್ತದೆ. ಸೆಟ್ ಹೊತ್ತಿಕೊಳ್ಳುವುದೇ ಇಲ್ಲವೇ? ಮೊದಲು ಫ್ಯೂಸ್ ನೋಡಬೇಕು. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದ್ದನ್ನು ಹಾಕಬೇಕು. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ಕೆಲಸ ಸಾಗಿಸಿದರೆ ಮುಂದೆ ಸುಡುವುದು ವಯರು, ಅದರ ಹಿಂದೆ ಕಾರು. ಪೇಟೆಯಲ್ಲಿ ಸಿಗುವ ಹೆಚ್ಚಿನ ಸೆಟ್ಟುಗಳಲ್ಲಿ ಹಳದಿ ವಯರು ಬ್ಯಾಟರಿಯಿಂದ ನೇರ ಬರುತ್ತದೆ, ಕೆಂಪು ಕೀಲಿ ತಿರುಗಿಸಿದಾಗ ಜೀವ ಕೊಡುತ್ತದೆ, ಕಪ್ಪು ಅರ್ತಿಂಗಿನದ್ದು. ಪ್ರತಿ ಸಲ ಕಾರು ನಿಲ್ಲಿಸಿದಾಗಲೂ ಸೆಟ್ ತನ್ನ ಸ್ಟೇಷನ್ನು, ಗಡಿಯಾರ ಎಲ್ಲ ಮರೆತರೆ ಹಳದಿಯ ಮೇಲೆ ಸಂಶಯ. ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಕೀರಲು ದನಿ ಕೇಳಿಸಿದರೆ ಸಂಶಯ ಕಪ್ಪಿನ ಮೇಲೆ. ಬ್ಯಾಟರಿಯ ನೆಗೆಟಿವ್ ಕಳಚಿಟ್ಟು ಕಪ್ಪು ವಯರಿನ ಜಾಡು ಹಿಡಿದು ಹೋದರೆ, ಡ್ಯಾಶ್‌ಬೋರ್ಡಿನ ಹಿಂದೆ ತಗಡಿಗೆ ಬಿಗಿದ ಒಂದು ಸಣ್ಣ ಸ್ಕ್ರೂ ಸಿಗುತ್ತದೆ. ಅದರ ಸುತ್ತ ತುಕ್ಕಿನ ಕೆಂಪು ಪುಡಿ. ಸ್ಕ್ರೂ ಬಿಚ್ಚಿ, ತಗಡು ಬೆಳ್ಳಗೆ ಹೊಳೆಯುವಷ್ಟು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಮತ್ತೆ ಬಿಗಿದರೆ ಎಷ್ಟೋ ಸಲ ಕಾಯಿಲೆ ಅಲ್ಲಿಗೇ ಗುಣ. ಒಂದು ಬದಿಯ ಸ್ಪೀಕರ್ ಸತ್ತಿದ್ದರೆ ಸೆಟ್ಟಿನ ಹಿಂದೆ ಎಡ ಬಲದ ವಯರುಗಳನ್ನು ಅದಲುಬದಲು ಮಾಡಿ ನೋಡಬಹುದು. ಮೌನ ಇನ್ನೊಂದು ಬದಿಗೆ ಹೋದರೆ ದೋಷ ಸೆಟ್ಟಿನದು; ಇದ್ದಲ್ಲೇ ಉಳಿದರೆ ಸ್ಪೀಕರಿನದೋ ವಯರಿನದೋ. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಸ್ಪೀಕರಿನ ಎರಡು ಕಡ್ಡಿಗಳಿಗೆ ಕ್ಷಣಮಾತ್ರ ಮುಟ್ಟಿಸಿ; ‘ಟಕ್’ ಎಂದರೆ ಅದು ಬದುಕಿದೆ. ಆಗ ಉಳಿಯುವುದು ವಯರು: ಬಾಗಿಲಿನ ಸಂದಿಯಲ್ಲಿ ಮಡಿಸಿ ಮಡಿಸಿ ತುಂಡಾಗಿರುತ್ತದೆ, ಇಲ್ಲವೇ ಶೆಡ್ಡಿನ ಇಲಿ ತನ್ನ ಪಾಲು ತಿಂದಿರುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಎರಡು ಸ್ಪೀಕರಿನಲ್ಲಿ ಒಂದಕ್ಕೆ ಪ್ಲಸ್ ಮೈನಸ್ ತಿರುಗುಮುರುಗಾಗಿ ಜೋಡಿಸಿದ್ದರೆ ಎರಡೂ ಹಾಡುತ್ತವೆ, ಆದರೆ ತಗ್ಗಿನ ನಾದವನ್ನು ಒಂದನ್ನೊಂದು ಅಳಿಸಿಬಿಡುತ್ತವೆ. ಭಾಗವತರ ಕಂಠ ಕೇಳುತ್ತದೆ, ಮದ್ದಳೆಯ ಗುಂಭ ಮಾಯವಾಗುತ್ತದೆ. ಯಾವುದೂ ಕೆಟ್ಟಿಲ್ಲ, ಜೋಡಣೆಯಷ್ಟೇ ತಪ್ಪು.

ಎಲ್ಲ ಮೌನವೂ ದೋಷವೆನ್ನುವಂತಿಲ್ಲ. ಪೆನ್‌ಡ್ರೈವ್ ಚೆನ್ನಾಗಿ ಹಾಡಿ, ರೇಡಿಯೊ ಮಾತ್ರ ಗುಂಡ್ಯದ ಕಡೆ ಗೊರಗುಟ್ಟಿದರೆ ಸೆಟ್ಟನ್ನು ಬೈದು ಫಲವಿಲ್ಲ. ಎಫ್.ಎಂ. ತರಂಗ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುವಂಥದ್ದು, ಗುಡ್ಡ ಅಡ್ಡ ಬಂದರೆ ಕುಗ್ಗುತ್ತದೆ. ಮಂಗಳೂರು ಆಕಾಶವಾಣಿಯ 100.3 ಕ್ಷೀಣವಾದ ತಿರುವಿನಲ್ಲಿ ಮಡಿಕೇರಿಯ 103.1ನ್ನು ಹುಡುಕಿ ನೋಡಬಹುದು. ಇದನ್ನೆಲ್ಲ ಬಲ್ಲ ಆಟೋ ಎಲೆಕ್ಟ್ರಿಷಿಯನ್ನರು ನಮ್ಮ ಸಣ್ಣ ಪೇಟೆಗಳಲ್ಲಿದ್ದಾರೆ. ಹೊಸ ಸೆಟ್ ಮಾರಿದರೆ ಲಾಭ ಜಾಸ್ತಿ ಎಂದು ಗೊತ್ತಿದ್ದೂ “ಇದಕ್ಕೇನೂ ಆಗಿಲ್ಲ ಮಾರಾಯ್ರೆ, ಅರ್ತಿಂಗ್ ಲೂಸಾಗಿತ್ತು” ಎಂದು ಸ್ಕ್ರೂ ಬಿಗಿದು ಕಳಿಸುವವರು ಊರಿಗೆ ದೊಡ್ಡ ಆಸ್ತಿ. ಅಂಥವರಿಗೆ ಕೂಲಿ ಕೊಡುವಾಗ ಚೌಕಾಸಿ ಮಾಡಬಾರದು. ನಾವು ಕೊಡುವುದು ಸ್ಕ್ರೂ ಬಿಗಿದದ್ದಕ್ಕಲ್ಲ, ಸತ್ಯ ಹೇಳಿದ್ದಕ್ಕೆ.

ಕಾರಿನ ಸೆಟ್ಟಿಗೆ ಇಷ್ಟು ವ್ಯವಧಾನ ತೋರಿಸಬಲ್ಲ ನಾವು, ಮನೆಯ ಹಿರಿಯರ ಕಿವಿಯ ವಿಚಾರದಲ್ಲಿ ಮಾತ್ರ ಆತುರದ ನ್ಯಾಯಾಧೀಶರು. “ಅಜ್ಜನಿಗೆ ಕೇಳುವುದಿಲ್ಲ, ವಯಸ್ಸಾಯಿತು” ಎಂದು ಅವರಿಗೆ ಹೇಳುವ ಮಾತನ್ನೇ ಕಡಿಮೆ ಮಾಡುತ್ತೇವೆ. ಅಲ್ಲಿಯೂ ಅಗ್ಗದ ಕಡೆಯಿಂದ ನೋಡುತ್ತ ಬರಬೇಕು. ಎಷ್ಟೋ ಹಿರಿಯರ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕುಳಿತಿರುತ್ತದೆ. ಕಡ್ಡಿ, ಪಿನ್ನು ಹಾಕದೆ ವೈದ್ಯರಲ್ಲಿ ತೆಗೆಸಿದರೆ ಅರ್ಧ ಲೋಕ ಮರಳಿ ಬರುತ್ತದೆ. ಶ್ರವಣಯಂತ್ರ ಇದ್ದೂ ಕೇಳಿಸದಿದ್ದರೆ ಸೆಲ್ ಮುಗಿದಿರಬಹುದು, ತೂತಿನಲ್ಲಿ ಗುಗ್ಗೆ ಕಟ್ಟಿರಬಹುದು, ನಮ್ಮ ಮಳೆಗಾಲದ ಪಸೆ ಒಳಗಿಳಿದಿರಬಹುದು. ರಾತ್ರಿ ಅದನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡುವುದು ಒಳ್ಳೆಯದು. ವಯಸ್ಸಿನಿಂದಲೇ ಬಂದ ಕಿವುಡಿನಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಏರುದನಿಯ ನಾದ. ಮಾತನಾಡುತ್ತಿದ್ದಾರೆಂಬುದು ತಿಳಿಯುತ್ತದೆ, ಏನೆಂಬುದು ಸ್ಪಷ್ಟವಾಗುವುದಿಲ್ಲ. ಆದ್ದರಿಂದ ಇನ್ನೊಂದು ಕೋಣೆಯಿಂದ ಕೂಗುವುದಕ್ಕಿಂತ ಎದುರು ಬಂದು ಕೂತು, ಮುಖ ಕಾಣುವಂತೆ ನಿಧಾನವಾಗಿ ಮಾತನಾಡಿದರೆ ಚೆನ್ನಾಗಿ ತಿಳಿಯುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾಣಿಯಿಂದ ಪುತ್ತೂರು, ಸುಳ್ಯ ಹಾದು ಸಂಪಾಜೆ ಘಾಟಿ ಹತ್ತುವ ಹೆದ್ದಾರಿ ನೇರ ಆ ಊರಿಗೇ ಮುಟ್ಟಿಸುತ್ತದೆ. ಮಕ್ಕಳನ್ನು ನೋಡಲೆಂದೋ ದಸರೆಗೆಂದೋ ಹೇಗೂ ಹೋಗುತ್ತೀರಿ. ಈ ಸಲ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿ ಬನ್ನಿ. ಒಂದು ಕಿವಿ ಒಮ್ಮಿಂದೊಮ್ಮೆಲೇ ಕೇಳದಂತಾದರೆ ಮಾತ್ರ ದಸರೆಗೆ ಕಾಯಬೇಡಿ, ಅಂದೇ ಹತ್ತಿರದ ಕಿವಿಯ ವೈದ್ಯರಲ್ಲಿಗೆ ಹೊರಡಿ. ಅಲ್ಲಿ ತಡವಾದಷ್ಟೂ ಕೇಳುವಿಕೆ ಮರಳುವ ಸಾಧ್ಯತೆ ಕಡಿಮೆ.