ಒಂದಿಂಚಿನ ಸುಳ್ಳು

ಮೇ ತಿಂಗಳು ಬಂತೆಂದರೆ ಮುಂಬಯಿಯ ಕನ್ನಡದ ಮನೆಗಳಲ್ಲಿ ಒಂದೇ ಮಾತು: ಊರಿಗೆ ಟಿಕೆಟ್ಟು ಆಯ್ತಾ? 2007ರಲ್ಲಿ ನಮಗೆ ಆಗಲಿಲ್ಲ. ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ವೇಟಿಂಗ್ ಲಿಸ್ಟಿನಲ್ಲಿ ನಮ್ಮ ಹೆಸರುಗಳು ಹೊರಡುವ ದಿನದ ತನಕವೂ ಅಲ್ಲೇ ಉಳಿದವು. ಮಗ ಸುಮ್ಮನಾದ, ಒಂಬತ್ತು ವರ್ಷದವನಿಗೆ ಅಷ್ಟು ತಿಳಿವಳಿಕೆ ಬಂದಿತ್ತು. ಮಗಳಿಗೆ ಆಗಷ್ಟೇ ಐದು ತುಂಬಿ ಎರಡು ತಿಂಗಳು. ಕುಂದಾಪುರದ ಹತ್ತಿರ ನಮ್ಮ ಮನೆಯ ಹಿಂದೆ ಒಂದು ಕೆರೆ ಇದೆ. ಅಜ್ಜಿಯ ಸೆರಗು ಹಿಡಿದುಕೊಂಡು ಅದರ ಮೆಟ್ಟಿಲ ಮೇಲೆ ನೀರಾಟ ಆಡುವುದು ಅವಳ ವರ್ಷದ ಆಸೆ. ಎರಡು ದಿನ ಅತ್ತಳು. ಮೂರನೇ ದಿನ ನಾನು, "ಕೆರೆಗಿಂತ ದೊಡ್ಡ ನೀರು ತೋರಿಸ್ತೇನೆ, ಸುಮ್ಮನಿರು" ಅಂದುಬಿಟ್ಟೆ.

ಊರಲ್ಲಿರುವ ನಿಮಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ನಾವಿದ್ದ ಡೊಂಬಿವಲಿಯ ಕಟ್ಟಡದಲ್ಲಿ ನಳ್ಳಿ ನೀರು ಬರುತ್ತಿದ್ದದ್ದು ಬೆಳಿಗ್ಗೆ ಒಂದು ಗಂಟೆ. ತಲೆಗೊಂದು ಬಕೆಟ್ಟು ಲೆಕ್ಕದಲ್ಲಿ ಸ್ನಾನ. ಅಂಥ ಮನೆಯ ಮಕ್ಕಳಿಗೆ ದಿನವಿಡೀ ನೀರಲ್ಲಿರಬಹುದು ಅಂದರೆ ಸ್ವರ್ಗವೇ ಸರಿ.

ಮುಂಬಯಿಯವರಿಗೆ ಈ ಸ್ವರ್ಗ ಹೊಸದಲ್ಲ. ಗೊರಾಯಿ ಖಾರಿಯ ಆಚೆ 1989ರಲ್ಲಿ ಎಸ್ಸೆಲ್‌ವರ್ಲ್ಡ್ ಶುರುವಾಯಿತು, 1998ರಲ್ಲಿ ಅದರ ಪಕ್ಕದಲ್ಲೇ ವಾಟರ್ ಕಿಂಗ್‌ಡಮ್. ಬೊರಿವಲಿಗೋ ಮಲಾಡಿಗೋ ಹೋಗಿ, ಅಲ್ಲಿಂದ ಜೆಟ್ಟಿಗೆ ಹೋಗಿ, ದೋಣಿ ಹತ್ತಿ ದಾಟಿದ ನೆನಪು ನಮ್ಮ ತಲೆಮಾರಿನ ಅನೇಕರಿಗೆ ಇದೆ. ನಮ್ಮ ಕರ್ನಾಟಕದಲ್ಲಿ ಬಿಡದಿಯ ವಂಡರ್‌ಲಾ ಬಂದದ್ದು 2005ರಲ್ಲಿ. ಖೋಪೋಲಿಯ ಇಮ್ಯಾಜಿಕಾ 2013ರಲ್ಲಿ. ಇವಲ್ಲದೆ ಊರಾಚೆಯ ರಸ್ತೆಗಳಲ್ಲಿ ಸಣ್ಣಪುಟ್ಟವೂ ಇವೆ. ನಾವು ಹೋದದ್ದು ಯಾವುದಕ್ಕೆ ಎಂದು ಹೇಳುವುದಿಲ್ಲ. ತಪ್ಪು ನನ್ನದು, ಅದರಲ್ಲಿ ಅವರ ಹೆಸರು ಯಾಕೆ?

ಬೆಳಿಗ್ಗೆ ಐದೂವರೆಯ ಲೋಕಲ್ಲು, ಆಮೇಲೆ ಬಸ್ಸು. ಹೆಂಡತಿ ಕಟ್ಟಿಕೊಂಡು ಬಂದಿದ್ದ ಚಪಾತಿಯನ್ನು ಗೇಟಿನ ಹೊರಗೆ ಮರದ ಕೆಳಗೆ ಕೂತು ತಿಂದೆವು. ಟಿಕೆಟ್ ಕೌಂಟರಿನ ಪಕ್ಕದ ಗೋಡೆಯಲ್ಲಿ ಬಣ್ಣದಲ್ಲಿ ಬರೆದ ಎರಡು ಗೆರೆ. ಕೆಳಗಿನ ಗೆರೆಗಿಂತ ಗಿಡ್ಡ ಇದ್ದರೆ ಟಿಕೆಟ್ಟಿಲ್ಲ. ಎರಡು ಗೆರೆಗಳ ನಡುವೆ ಬಂದರೆ ಮಕ್ಕಳ ಟಿಕೆಟ್ಟು. ಮೇಲಿನದನ್ನು ದಾಟಿದರೆ ಪೂರ್ತಿ ದುಡ್ಡು. ನಮ್ಮ ದೇಶದಲ್ಲಿ ಇದು ಬುದ್ಧಿವಂತಿಕೆಯ ಲೆಕ್ಕ. ವಯಸ್ಸು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಎತ್ತರ ಮಾತ್ರ ಸುಳ್ಳು ಹೇಳಲಾರದು ಎಂದು ಅವರ ನಂಬಿಕೆ.

ಮಗಳು ಕೆಳಗಿನ ಗೆರೆಗಿಂತ ಒಂದಿಂಚು ಮೇಲಿದ್ದಳು. ಸಾಲಿನಲ್ಲಿ ನಿಂತಿದ್ದಾಗಲೇ ನನ್ನ ಕಣ್ಣು ಅದನ್ನು ಅಳೆದಿತ್ತು. ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ: "ಪುಟ್ಟಿ, ಅಲ್ಲಿ ನಿಲ್ಲುವಾಗ ಮೊಣಕಾಲು ಸ್ವಲ್ಪ ಬಗ್ಗಿಸು ಆಯ್ತಾ?" ಅವಳು ಆಟ ಅಂದುಕೊಂಡಳು. ಹಾಕಿಕೊಂಡದ್ದು ಉದ್ದನೆಯ ಫ್ರಾಕು, ಬಗ್ಗಿಸಿದ್ದು ಕಾಣದಷ್ಟು ಉದ್ದ. ಆದರೂ ಗೋಡೆ ಹತ್ತಿರ ನಿಂತ ಹುಡುಗನಿಗೆ ಕಂಡಿತು. ಅವನು ನನ್ನ ಮುಖ ನೋಡಿದ, ನಕ್ಕ, ಹೋಗಿ ಅಂತ ಕೈ ಮಾಡಿದ. ನನ್ನ ಹೆಂಡತಿ ಮಾತ್ರ ನಗಲಿಲ್ಲ. "ನೀವೂನೂ..." ಅಂದು ಸುಮ್ಮನಾದಳು.

ಒಳಗೆ ಹೋದ ಮೇಲೆ ಇದೆಲ್ಲ ಮರೆತೇಹೋಯಿತು. ಅಲ್ಲಿ ನೈಲಾನ್ ಬಟ್ಟೆಯೇ ಆಗಬೇಕು. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಅದರ ಎಳೆ ಬಿಟ್ಟು ನೀರು ಸೋಸುವ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಬಾಡಿಗೆಯ ನೈಲಾನ್ ಚಡ್ಡಿಯಲ್ಲಿ ನನ್ನನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಅಲೆ ಏಳುವ ಕೊಳದಲ್ಲಿ ಸೈರನ್ ಆದ ಕೂಡಲೆ ಊರಿನ ಮಳೆಗಾಲದ ಕಡಲಿನ ಹಾಗೆ ನೀರು ಎದ್ದು ಬಂತು. ಹೆಂಡತಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮದುವೆಯಾದ ಮೇಲೆ ಮೊದಲ ಸಲ ಅನ್ನುವಂತೆ ಕೂಗಿದಳು. ಸುಳ್ಳು ಯಾಕೆ ಹೇಳಲಿ, ಆ ಎರಡು ಗಂಟೆ ನನಗೂ ಊರು ನೆನಪಾಗಲಿಲ್ಲ.

ಮಧ್ಯಾಹ್ನ ಒಂದು ಜಾರುಬಂಡಿಯ ಹತ್ತಿರ ಬಂದೆವು. ದೊಡ್ಡದೇನಲ್ಲ, ಮಕ್ಕಳದ್ದೇ. ಅಲ್ಲೂ ಒಂದು ಮರದ ಹಲಗೆ, ಹಲಗೆಯ ಮೇಲೊಂದು ಗೆರೆ. ಅದಕ್ಕಿಂತ ಗಿಡ್ಡ ಇದ್ದವರನ್ನು ಬಿಡುವುದಿಲ್ಲ. ಅಣ್ಣ ಹತ್ತಿ ಹೋದ. ಮಗಳು ಹಲಗೆಯ ಹತ್ತಿರ ಹೋಗಿ ನಿಂತಳು. ಯಾರೂ ಹೇಳದೆಯೇ ಮೊಣಕಾಲು ಬಗ್ಗಿಸಿದಳು.

ಸೀಟಿ ಕೊರಳಿಗೆ ಹಾಕಿಕೊಂಡಿದ್ದವನು ಬೇಡ ಅಂತ ತಲೆಯಾಡಿಸಿದ. ನಾನು ಓಡಿ ಹೋಗಿ, "ಪುಟ್ಟಿ, ನೆಟ್ಟಗೆ ನಿಲ್ಲು! ಕಾಲು ಬಗ್ಗಿಸಬೇಡ!" ಅಂದೆ. ಅವಳು ಗಾಬರಿಯಿಂದ ನೆಟ್ಟಗಾದಳು. ಗೆರೆ ದಾಟಿದಳು. ಆದರೆ ಮೆಟ್ಟಿಲು ಹತ್ತಲಿಲ್ಲ. ತಿರುಗಿ ನನ್ನನ್ನು ನೋಡಿ ಕೇಳಿದಳು:

"ಪಪ್ಪಾ, ನಾನು ಈಗ ದೊಡ್ಡವಳಾ, ಸಣ್ಣವಳಾ?"

ಹಿಂದೆ ಸಾಲಿನಲ್ಲಿದ್ದವರಿಗೆ ಕನ್ನಡ ಬಾರದ್ದು ನನ್ನ ಪುಣ್ಯ.

ನನ್ನ ಸಮರ್ಥನೆಗಳು ನನ್ನ ಹತ್ತಿರ ತಯಾರಿದ್ದವು. ಬಾಗಿಲಲ್ಲಿದ್ದ ಗೆರೆ ದುಡ್ಡಿನ ಗೆರೆ. ಅದನ್ನು ಎಳೆದದ್ದು ಮಾಲೀಕ, ಮನಸ್ಸು ಬಂದರೆ ನಾಳೆ ಎರಡಿಂಚು ಮೇಲೆ ಎಳೆದಾನು. ಜಾರುಬಂಡಿಯ ಗೆರೆ ಹಾಗಲ್ಲ. ತಿರುಗುವ, ಏರಿಳಿಯುವ ಆಟಗಳಲ್ಲಿ ತೊಡೆಯ ಮೇಲೆ ಬಂದು ಕೂರುವ ಕಬ್ಬಿಣದ ಅಡ್ಡಪಟ್ಟಿಯನ್ನು ಒಂದು ಅಳತೆಯ ಮೈಗೆ ಮಾಡಿರುತ್ತಾರೆ. ಸಣ್ಣ ಮೈ ಅದರ ಕೆಳಗಿನಿಂದ ಜಾರಿಹೋಗಬಹುದು. ನೀರಿನ ಜಾರುಬಂಡಿಯ ಕೊನೆಯಲ್ಲಿ ಇಷ್ಟು ಆಳ ಅಂತ ಇರುತ್ತದೆ, ಅಲ್ಲಿ ಮಗುವಿನ ಕಾಲು ನೆಲಕ್ಕೆ ತಾಗಬೇಕು. ಇದು ಜೀವದ ಗೆರೆ, ಇದಕ್ಕೆ ರಿಯಾಯಿತಿ ಇಲ್ಲ. ಮೊದಲನೆಯದಕ್ಕೆ ಸುಳ್ಳು ಹೇಳಿದರೆ ಯಾರೂ ಸಾಯುವುದಿಲ್ಲ. ಎರಡನೆಯದಕ್ಕೆ ಹೇಳಿದರೆ ಸಾಯಬಹುದು. ಎರಡೂ ಒಂದೇ ಹೇಗಾಗುತ್ತದೆ?

ತರ್ಕ ಸರಿಯಾಗಿಯೇ ಇದೆ. ಆದರೆ ಐದು ವರ್ಷದ ಮಗುವಿಗೆ ಗೆರೆಯ ಹಿಂದಿನ ಕಾರಣ ಕಾಣುವುದಿಲ್ಲ. ಕಾಣುವುದು ಬರೀ ಗೆರೆ, ಮತ್ತು ಅದರ ಮುಂದೆ ಹೇಗೆ ನಿಲ್ಲಬೇಕು ಅಂತ ಅಪ್ಪ ಕಲಿಸಿದ ಭಂಗಿ. ನಾನು ಅವಳಿಗೆ ಒಂದು ಟಿಕೆಟ್ಟಿನ ಸುಳ್ಳು ಕಲಿಸಿದ್ದೇನೆ ಅಂದುಕೊಂಡಿದ್ದೆ. ಅವಳು ಕಲಿತದ್ದು ಅಳೆಯಲು ಯಾರಾದರೂ ಬಂದರೆ ಮೊದಲು ಮೊಣಕಾಲು ಬಗ್ಗಿಸಬೇಕು ಎಂಬುದನ್ನು. ಅದೇ ನಾನು ರಾತ್ರಿ ಮಲಗಿಸುವಾಗ ಪುಣ್ಯಕೋಟಿಯ ಕಥೆ ಹೇಳುವವನು! ಆ ಹಸುವಿಗೆ ಸತ್ಯದ ಬೆಲೆ ಜೀವ. ನನಗಾದರೆ ಒಂದು ದಿನದ ಸಂಬಳವೂ ಅಲ್ಲ.

ಆಗ ನನ್ನ ಅಬ್ಬೆಯ ನೆನಪು ಬಂತು. ನಾನು ಆರೇಳು ವರ್ಷದವನಿದ್ದಾಗ ಬಸ್ಸಿನಲ್ಲಿ ಅವಳೂ ನನ್ನನ್ನು ತೊಡೆಯ ಮೇಲೆ ಮುದ್ದೆ ಮಾಡಿ ಕೂರಿಸಿಕೊಂಡದ್ದುಂಟು. "ಸಣ್ಣ ಆಯಿ ಕೂಕೋ ಮಗಾ, ಕೈಯಲ್ಲ್ ದುಡ್ಡ್ ಕಮ್ಮಿ ಇತ್ತ್" ಅನ್ನುತ್ತಿದ್ದಳು. ಅದೂ ಸುಳ್ಳೇ. ಆದರೆ ಸುಳ್ಳು ಯಾಕೆ ಎಂಬುದನ್ನು ಅವಳು ನನ್ನಿಂದ ಮುಚ್ಚಿಡಲಿಲ್ಲ. ಬಸ್ಸು ಇಳಿದ ಮೇಲೆ ಅವಳ ಮುಖದಲ್ಲಿ ಗೆದ್ದ ಕಳೆ ಇರುತ್ತಿರಲಿಲ್ಲ, ನಾಚಿಕೆ ಇರುತ್ತಿತ್ತು. ಆ ನಾಚಿಕೆಯಿಂದಲೇ ನನಗೆ ಸರಿ ಯಾವುದು ಅಂತ ಗೊತ್ತಾದದ್ದು. ನನ್ನ ಕಿಸೆಯಲ್ಲಿ ದುಡ್ಡಿತ್ತು. ಗೇಟು ದಾಟಿದಾಗ ನಾನು ಗೆದ್ದವನ ಹಾಗೆ ನಕ್ಕಿದ್ದೆ. ಬಡತನದ ಸುಳ್ಳನ್ನು ಬಡತನ ಹೋದ ಮೇಲೂ ಇಟ್ಟುಕೊಂಡಿದ್ದೆ, ಹಳೇ ಕೊಡೆ ಇಟ್ಟುಕೊಂಡ ಹಾಗೆ.

ಇನ್ನೊಂದು ಮಾತು. ಯಾರಿಗೂ ನಷ್ಟವಿಲ್ಲ ಅಂದುಕೊಂಡಿದ್ದೆನಲ್ಲ, ಆ ಗೋಡೆ ಹತ್ತಿರ ನಿಂತಿದ್ದ ಹುಡುಗ? ಮೇಲಿನವರು ಕೇಳಿದ್ದರೆ ಉತ್ತರ ಕೊಡಬೇಕಾದವನು ಅವನು. ಅವನು ನನ್ನ ಮಗಳ ಮುಖ ನೋಡಿ ನಕ್ಕು ಬಿಟ್ಟ. ಅವನ ಒಳ್ಳೆಯತನವನ್ನು ನಾನು ನನ್ನ ಜಾಣತನ ಎಂದು ಎಣಿಸಿಕೊಂಡೆ. ಸಂಜೆ ಹೊರಗೆ ಬರುವಾಗ ಹೋಗಿ ದುಡ್ಡು ಕೊಟ್ಟುಬಿಡೋಣ ಅಂತ ಒಮ್ಮೆ ಅನ್ನಿಸಿತು. ಕೊಡಲಿಲ್ಲ. ಕೊಟ್ಟರೆ ಅವನು ಸಿಕ್ಕಿಬೀಳುತ್ತಾನಲ್ಲ ಅಂತ ಕಾರಣ ಹುಡುಕಿದೆ. ನಿಜವಾದ ಕಾರಣ ನಾಚಿಕೆ ಮತ್ತು ಲೋಕಲ್ಲಿನ ಹೊತ್ತು.

ಮನೆಗೆ ಬಂದು ಕ್ಲೋರಿನ್ ವಾಸನೆಯ ತಲೆ ಒರೆಸುತ್ತಿರುವಾಗ ಮಗಳು, "ನಿಜವಾಗಿ ನಾನು ಎಷ್ಟು ಎತ್ತರ?" ಅಂತ ಕೇಳಿದಳು. ಹೊಲಿಗೆ ಮೆಷಿನ್ನಿನ ಡಬ್ಬದಿಂದ ಟೇಪು ತಂದೆ. ಅಡಿಗೆಮನೆಯ ಬಾಗಿಲ ಚೌಕಟ್ಟಿಗೆ ಹಿಮ್ಮಡಿ ತಾಗಿಸಿ ನೆಟ್ಟಗೆ ನಿಂತಳು, ಉಸಿರು ಹಿಡಿದುಕೊಂಡು. ಮೂರಡಿ ನಾಲ್ಕಿಂಚು. ಪೆನ್ಸಿಲಿನಲ್ಲಿ ಗೆರೆ ಎಳೆದೆ. "ಬೆಳಿಗ್ಗೆ ನಾನು ನಿನಗೆ ಹೇಳಿಕೊಟ್ಟದ್ದು ತಪ್ಪು" ಅಂದೆ. "ಹಾಗಾದ್ರೆ ಆ ಅಂಕಲ್ಲಿಗೆ ಹೇಳ್ಬೇಕಲ್ಲ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಸಣ್ಣ ಸುಳ್ಳಿಗೆ 'ಕಾಲು ಬಗ್ಗಿಸೋದು' ಅಂತಲೇ ಹೆಸರು. ಫೋನಿನಲ್ಲಿ ಯಾರಿಗೋ "ಆಫೀಸಿನಲ್ಲಿದ್ದೇನೆ" ಅಂದರೆ ಒಳಗಿನಿಂದ ಅವಳ ದನಿ: "ಪಪ್ಪಾ, ಕಾಲು ಬಗ್ಗಿದೆ!" ನಗೆಚಾಟಿಕೆಯೇ ಹೌದು. ಆದರೆ ಆ ಮಾತು ಬಂದ ಮೇಲೆ ನನ್ನ ಹೊರನಾಡ ಬದುಕೇ ಬೇರೆ ತರ ಕಾಣತೊಡಗಿತು. ಕಟ್ಟಡದ ಮೀಟಿಂಗಿನಲ್ಲಿ "ಯಾವ ಕಡೆಯವರು?" ಅಂತ ಕೇಳಿದರೆ ಕುಂದಾಪುರ ಅನ್ನದೆ, ತಕರಾರು ಬೇಡ ಅಂತ, "ಇಲ್ಲಿಯವರೇ" ಅಂದು ಮರಾಠಿಯಲ್ಲಿ ಮಾತು ತಿರುಗಿಸಿದವನು ನಾನು. ಆಫೀಸಿನಲ್ಲಿ 'ಮದ್ರಾಸಿ' ಅಂದಾಗ ತಿದ್ದದೆ ನಕ್ಕವನೂ ನಾನೇ. ಅದೇ ಊರಿಗೆ ಹೋದರೆ ತುದಿಗಾಲು. ಹಿಡಿಯಷ್ಟು ಮನೆಯನ್ನು 'ಫ್ಲ್ಯಾಟು' ಅನ್ನುವುದೇನು, ಜಾತ್ರೆಗೆ ಕೈಗೆ ಮೀರಿದ ದೇಣಿಗೆ ಬರೆಸುವುದೇನು! ಮುಂಬಯಿಯಲ್ಲಿ ಒಂದಿಂಚು ಗಿಡ್ಡ, ಊರಿನಲ್ಲಿ ಎರಡಿಂಚು ಉದ್ದ. ಇದನ್ನು ಬದುಕುವ ಉಪಾಯ ಅಂತ ಕರೆದಿದ್ದೆ. ಕೆಲವು ಸಲ ಅದು ಉಪಾಯವೇ ಹೌದು, ಪರಊರಿನಲ್ಲಿ ಪ್ರತಿ ಗೆರೆಯ ಮುಂದೆಯೂ ಜಗಳ ಆಡಿ ಬದುಕಲಾಗುವುದಿಲ್ಲ. ನನ್ನ ತಕರಾರು ಬಗ್ಗಿಸಿದ್ದಕ್ಕೆ ಅಲ್ಲ. ಎಷ್ಟು ಬಗ್ಗಿಸಿದ್ದೇನೆ ಎಂಬ ಲೆಕ್ಕ ಮರೆತದ್ದಕ್ಕೆ. ಬಗ್ಗಿಸಿದವನಿಗೆ ತನ್ನ ನಿಜವಾದ ಎತ್ತರ ಎಷ್ಟು ಎಂದು ಒಂದು ಕಡೆಯಾದರೂ ಬರೆದಿಟ್ಟಿರಬೇಕು. ಮಕ್ಕಳಿಗೆ ಆ ಜಾಗ ತೋರಿಸಬೇಕು.

ನಮ್ಮ ಕಟ್ಟಡವನ್ನು ಆಮೇಲೆ ಕೆಡವಿ ಹೊಸದು ಕಟ್ಟಿದರು. ಖಾಲಿ ಮಾಡುವ ಹಿಂದಿನ ದಿನ ಮಗಳು, ಆಗವಳು ಕಾಲೇಜು ಹುಡುಗಿ, ಅಡಿಗೆಮನೆಯ ಚೌಕಟ್ಟಿನ ಫೋಟೋ ತೆಗೆದಳು. ಪ್ರತಿ ಹುಟ್ಟುಹಬ್ಬಕ್ಕೆ ಎಳೆದ ಗೆರೆಗಳು ಅಲ್ಲಿದ್ದವು, ಪಕ್ಕದಲ್ಲಿ ತಾರೀಕು. ಎಲ್ಲಕ್ಕಿಂತ ಕೆಳಗಿನದು ಹುಟ್ಟುಹಬ್ಬದ್ದಲ್ಲ, 2007ರ ಮೇ ತಿಂಗಳದ್ದು. "ಇದು ಆ ದಿನದ್ದಲ್ವಾ ಪಪ್ಪಾ?" ಅಂದಳು. ಹೌದು ಅಂದೆ. ಅವಳು ಚೌಕಟ್ಟಿಗೆ ಬೆನ್ನು ಕೊಟ್ಟು, ಹಿಮ್ಮಡಿ ತಾಗಿಸಿ ನಿಂತಳು. "ಕೊನೇದೊಂದು ಎಳೀರಿ" ಅಂದಳು. ಪೆನ್ಸಿಲು ಹುಡುಕಿಕೊಂಡು ಬಂದೆ.