ಸಮುದಾಯವನ್ನು ಅರಿಯುವುದೆಂದರೆ ಏನು?

ಪರರ ಕಷ್ಟಕ್ಕೆ ಮರುಗಲು ಪದವಿ ಬೇಕೆ? ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಶಿಕ್ಷಣ ಎಂದಾಗ ಹಲವರು ಕೇಳುವ ಪ್ರಶ್ನೆಯಿದು. ಮರುಗಲು ಪದವಿ ಬೇಕಿಲ್ಲ, ನಿಜ. ಆದರೆ ನಮ್ಮಂತಲ್ಲದವರ ಬದುಕಿನೊಳಗೆ ಕಾಲಿಡುವ ಮುನ್ನ ಒಂದಿಷ್ಟು ಸಿದ್ಧತೆ ಬೇಕು. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೂ ಕೇಡು ತರಬಲ್ಲದು ಎಂಬ ಎಚ್ಚರವೇ ಈ ಶಿಕ್ಷಣದ ಮೊದಲ ಪಾಠ.

ನಮ್ಮ ದೇಶದಲ್ಲಿ ಈ ಶಿಕ್ಷಣ ಹುಟ್ಟಿದ್ದೇ ಬಹುತ್ವದ ನಡುವೆ. ಅಮೆರಿಕದಿಂದ ಬಂದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬವರು ಮುಂಬೈಯ ನಾಗ್‌ಪಾಡಾದಲ್ಲಿ ನೆರೆಹೊರೆಯವರಿಗಾಗಿ ಒಂದು ಸೇವಾಕೇಂದ್ರ ನಡೆಸುತ್ತಿದ್ದರು. ಹಲವು ಮತ, ಹಲವು ಭಾಷೆಗಳ ಬಡವರು ಒತ್ತೊತ್ತಾಗಿ ಬದುಕುತ್ತಿದ್ದ ಪ್ರದೇಶವದು. ದೊರಾಬ್ಜಿ ಟಾಟಾ ಅವರ ಹೆಸರಿನ ಟ್ರಸ್ಟಿನ ನೆರವಿನಿಂದ 1936ರಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ತೆರೆದದ್ದು ಅಲ್ಲಿಯೇ. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನಗಳ ಸಂಸ್ಥೆ. 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಆರಂಭವಾಯಿತು. ಇಂದು ರಾಜ್ಯದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್.ಡಬ್ಲ್ಯು. ಕೋರ್ಸ್ ಇದೆ. ತರಗತಿಯ ಜೊತೆಜೊತೆಗೇ ವಿದ್ಯಾರ್ಥಿಗಳು ಕೊಳೆಗೇರಿಗೋ ಹಳ್ಳಿಗೋ ಆಸ್ಪತ್ರೆಗೋ ಕ್ಷೇತ್ರಕಾರ್ಯಕ್ಕೆ ಹೋಗಿ, ಕಂಡದ್ದನ್ನು ವರದಿಯಾಗಿ ಬರೆಯಬೇಕು. ಬೇರೆ ಕೋರ್ಸುಗಳಲ್ಲಿ ಇಷ್ಟಾಗಿ ಕಾಣದ ಈ ಅಭ್ಯಾಸವೇ ನೈತಿಕ ಪ್ರಶ್ನೆಯೊಂದನ್ನು ನಮ್ಮ ಮುಂದಿಡುತ್ತದೆ. ಒಂದು ಸಮುದಾಯವನ್ನು ಅರಿಯುವುದೆಂದರೆ ಏನು?

ಸಮುದಾಯದ ಕುರಿತ ಜ್ಞಾನ ಯಾವಾಗಲೂ ಒಳಿತಿಗೇ ಬಳಕೆಯಾಗಿಲ್ಲ. 1871ರಲ್ಲಿ ಬ್ರಿಟಿಷ್ ಸರಕಾರ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಅವರ ಕಸುಬು, ಅಲೆದಾಟ, ಆಚಾರಗಳನ್ನೆಲ್ಲ ಅಧಿಕಾರಿಗಳು ಶ್ರದ್ಧೆಯಿಂದಲೇ ದಾಖಲಿಸಿದ್ದರು. ಮಾಹಿತಿಗೆ ಕೊರತೆಯಿರಲಿಲ್ಲ. ಆದರೆ ಆ ಮಾಹಿತಿ ಮನುಷ್ಯರನ್ನು ಠಾಣೆಯ ರಿಜಿಸ್ಟರಿಗೆ ಕಟ್ಟಿಹಾಕಿತು. 1952ರಲ್ಲಿ ಕಾಯ್ದೆ ರದ್ದಾದರೂ ಕಳಂಕ ಅಷ್ಟು ಸುಲಭವಾಗಿ ಅಳಿಯಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಎಣಿಕೆಯನ್ನು ನೋಡೋಣ. 2006ರ ಸಾಚಾರ್ ಸಮಿತಿಯ ವರದಿಯೂ ಒಂದು ಸಮುದಾಯದ ಕುರಿತೇ ಇತ್ತು. ಮುಸ್ಲಿಮರ ಹಿಂದುಳಿಯುವಿಕೆಗೆ ಅವರ ಸಂಪ್ರದಾಯವೇ ಕಾರಣ, ಅವರ ಮಕ್ಕಳೆಲ್ಲ ಮದ್ರಸಗಳಲ್ಲಿದ್ದಾರೆ ಎಂಬ ನಂಬಿಕೆ ವ್ಯಾಪಕವಾಗಿತ್ತು. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲಿ ಓದುತ್ತಿರುವವರು ಶೇ. 3ರಷ್ಟು ಮಾತ್ರ ಎಂದು ವರದಿ ತೋರಿಸಿತು. ಹತ್ತಿರದಲ್ಲಿ ಹೆಣ್ಣುಮಕ್ಕಳ ಶಾಲೆಯಿಲ್ಲ, ಹಾಸ್ಟೆಲ್ ಇಲ್ಲ, ಶಿಕ್ಷಕಿಯರಿಲ್ಲ ಎಂಬ ಸಾದಾ ಕಾರಣಗಳನ್ನು ಅದು ಮುಂದಿಟ್ಟಿತು.

ಎರಡೂ ಸಮುದಾಯಗಳ ಕುರಿತ ಜ್ಞಾನವೇ. ಒಂದು, ಇವರು ಎಂತಹವರು ಎಂದು ಕೇಳಿತು. ಮತ್ತೊಂದು, ಇವರಿಗೆ ಏನು ದೊರೆತಿಲ್ಲ ಎಂದು ಕೇಳಿತು. ಉತ್ತರದ ಸ್ವರೂಪವನ್ನು ನಿರ್ಧರಿಸಿದ್ದು ಪ್ರಶ್ನೆ. ಹಾಗಾಗಿ 'ವೈವಿಧ್ಯ' ಎಂಬ ವಿಷಯವನ್ನು ಇಂತಿಂತಹವರ ಆಹಾರ ಹೀಗೆ, ಉಡುಪು ಹೀಗೆ, ಸ್ವಭಾವ ಹೀಗೆ ಎಂಬ ಪಟ್ಟಿಯಾಗಿ ಕಲಿಸಿದರೆ ವಿದ್ಯಾರ್ಥಿ ಹಣೆಪಟ್ಟಿ ಹಚ್ಚಲು ಕಲಿಯುತ್ತಾನೆ. ಹುಡುಗಿಯೊಬ್ಬಳು ಎಂಟನೇ ತರಗತಿಗೆ ಓದು ಬಿಟ್ಟಳೆಂದರೆ, "ಅವರ ಸಂಸ್ಕೃತಿಯೇ ಹಾಗೆ" ಎಂದು ವರದಿ ಬರೆದು ಮುಗಿಸುತ್ತಾನೆ. ಹೈಸ್ಕೂಲು ಎಷ್ಟು ದೂರ, ಬಸ್ಸು ಎಷ್ಟು ಗಂಟೆಗೆ, ಶಾಲೆಯಲ್ಲಿ ಶೌಚಾಲಯವಿದೆಯೇ ಎಂದು ಕೇಳುವುದೇ ಇಲ್ಲ. ನೋಡಲು ಇದು ಗೌರವದಂತಿದೆ. ವಾಸ್ತವದಲ್ಲಿ ಇದು ನಾಜೂಕಿನ ಉದಾಸೀನ.

ಹಾಗೆಂದು "ನನಗೆ ಎಲ್ಲರೂ ಒಂದೇ, ಜಾತಿ-ಮತ ನೋಡುವುದಿಲ್ಲ" ಎನ್ನುವುದೂ ಪರಿಹಾರವಲ್ಲ. ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿದೊಡನೆ ಬಾಗಿಲು ಮುಚ್ಚಿಸಿಕೊಂಡವನಿಗೆ, ಊರ ಬಾವಿಯಿಂದ ದೂರವಿಡಲ್ಪಟ್ಟವಳಿಗೆ ಈ ಮಾತಿನಿಂದ ಏನೂ ದೊರೆಯದು. ಸಮಾಜವು ಭೇದ ಮಾಡುತ್ತಿರುವಲ್ಲಿ ಅದನ್ನು ಕಾಣದಿರುವುದು ನಿಷ್ಪಕ್ಷಪಾತವಾಗಲಾರದು.

ಇನ್ನೂ ಕಠಿಣವಾದ ಸಂದರ್ಭವಿದೆ. ಸಮುದಾಯವೇ ತನ್ನೊಳಗಿನ ದುರ್ಬಲರನ್ನು ನೋಯಿಸುತ್ತಿದ್ದರೆ? 2014ರಲ್ಲಿ ಅಂತಾರಾಷ್ಟ್ರೀಯ ಸಂಘಟನೆಗಳು ಒಪ್ಪಿದ ಸಮಾಜಕಾರ್ಯದ ವ್ಯಾಖ್ಯಾನವು ವೈವಿಧ್ಯಗಳ ಗೌರವವನ್ನು ತನ್ನ ಮೂಲತತ್ವಗಳಲ್ಲಿ ಸೇರಿಸಿದೆ. ಸಂಸ್ಕೃತಿಯ ಹೆಸರಿನಲ್ಲಿ ಮಹಿಳೆಯರೇ ಮೊದಲಾದವರ ಹಕ್ಕುಗಳು ಉಲ್ಲಂಘನೆಯಾಗುವಾಗ ಈ ತತ್ವವು ಯಾರಿಗೂ ಹಾನಿ ಮಾಡಬಾರದೆಂಬ ತತ್ವದೊಂದಿಗೆ ಸಂಘರ್ಷಕ್ಕಿಳಿಯಬಹುದು ಎಂದೂ ಅದರ ವಿವರಣೆ ಒಪ್ಪಿಕೊಳ್ಳುತ್ತದೆ. ವರದಕ್ಷಿಣೆ, ಬಾಲ್ಯವಿವಾಹ, ಮರ್ಯಾದೆಯ ಹೆಸರಿನ ಹಿಂಸೆ ಇವು ಯಾವ ಒಂದು ಸಮುದಾಯದ ಗುತ್ತಿಗೆಯೂ ಅಲ್ಲ.

ಇಲ್ಲಿ ಸಮಾಜಕಾರ್ಯಕರ್ತ ಯಾರ ಪರ ನಿಲ್ಲಬೇಕು? ನೊಂದವರ ಪರ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ನೊಂದವರನ್ನು ಅವರ ಜನರಿಂದ ಕಿತ್ತು ತಂದರೆ ನ್ಯಾಯ ಪೂರ್ಣವಾಗುವುದಿಲ್ಲ. ಸಮುದಾಯ ಎಂದಾಕ್ಷಣ ನಾವು ಅದರ ಮುಖಂಡರ ಮನೆಗೆ ಹೋಗುತ್ತೇವೆ. ಅವರು ಹೇಳಿದ್ದೇ ಸಮುದಾಯದ ದನಿ ಎಂದುಕೊಳ್ಳುತ್ತೇವೆ. ಮೊಹಲ್ಲಾದಲ್ಲಾಗಲಿ, ಕೇರಿಯಲ್ಲಾಗಲಿ, ಅಗ್ರಹಾರದಲ್ಲಾಗಲಿ, ಅಡುಗೆಮನೆಯಲ್ಲಿರುವ ತಾಯಿಗೆ, ಬೀಡಿ ಕಟ್ಟುವ ಅಕ್ಕನಿಗೆ ಬೇರೆಯೇ ಅಭಿಪ್ರಾಯವಿರಬಹುದು. ಆ ಸಂಸ್ಕೃತಿ ಅವರದ್ದೂ ಹೌದು. ಮಗಳು ಓದಲಿ ಎನ್ನುವ ತಾಯಿ ಹೊರಗಿನ ಆಧುನಿಕತೆಯ ಏಜೆಂಟಳಲ್ಲ, ಆಕೆಯೂ ಅದೇ ಸಮುದಾಯ. ಸಮುದಾಯಗಳ ನಡುವಿನ ವೈವಿಧ್ಯವನ್ನು ಗೌರವಿಸುವವರು ಸಮುದಾಯದೊಳಗಿನ ವೈವಿಧ್ಯವನ್ನೂ ಗೌರವಿಸಬೇಕು. ಈ ಮಾತು ಬಹುಸಂಖ್ಯಾತರಿಗೂ ಅಲ್ಪಸಂಖ್ಯಾತರಿಗೂ ಸಮಾನವಾಗಿ ಅನ್ವಯಿಸುತ್ತದೆ.

ಎರಡು ವರ್ಷಗಳ ಪದವಿ ಇಷ್ಟನ್ನು ಕಲಿಸಿದರೆ ಸಾರ್ಥಕ. ಪಠ್ಯದಲ್ಲಿ ಓದಿದ್ದನ್ನು ಮುಂದಿರುವ ಮನುಷ್ಯ ತಿದ್ದಲು ಅವಕಾಶ ಕೊಡುವುದು, ಕೊನೆಯಲ್ಲಿ ಕುಳಿತವರ ಮಾತನ್ನೂ ಕೇಳಿ ವರದಿ ಬರೆಯುವುದು. ಹತ್ತಾರು ಸಮುದಾಯಗಳು ಒಂದೇ ಬೀದಿಯಲ್ಲಿ ಬದುಕುವ ನಮ್ಮ ನಾಡಿನಲ್ಲಿ, ಈ ಪಾಠ ಪದವಿ ಪಡೆಯದವರಿಗೂ ಬೇಕಾದದ್ದೇ.